ಬಚ್ಚಲ ನೀರು, ಹೊಳೆಯ ನೀರು, ಕುಡಿಯುವ ನೀರು

2021ರ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ವಿಜಯನಗರ ಜಿಲ್ಲೆ ಉದ್ಘಾಟನೆಯಾಯಿತು. ಬಳ್ಳಾರಿಯಿಂದ ಬೇರೆಯಾಗಿ ತಮ್ಮದೇ ಜಿಲ್ಲೆ ಪಡೆದ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಅದು ಹಬ್ಬದ ದಿನ. ಸರಿಯಾಗಿ ಅದೇ ದಿನಗಳಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಎಂಬ ಊರಿನಲ್ಲಿ ಮನೆಮನೆಯಲ್ಲೂ ವಾಂತಿ-ಭೇದಿ ಹರಡಿತ್ತು. ಆರು ಮಂದಿ ಸತ್ತರು. ಇನ್ನೂ ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಕಾರಣ ಕುಡಿಯುವ ನೀರು. ಕಾಮಗಾರಿಗೆ ನೆಲ ಅಗೆಯುವಾಗ ನೀರಿನ ಕೊಳವೆ ಒಡೆದಿತ್ತು, ಒಳಗೆ ಹೊಲಸು ಸೇರಿತ್ತು ಎಂದು ಊರವರು ದೂರಿದರು. ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ಮುನೀಶ್ ಮೌದ್ಗಿಲ್ ಅವರಿಗೆ ತನಿಖೆ ಒಪ್ಪಿಸಿತು, ಸತ್ತವರ ಮನೆಗಳಿಗೆ ಪರಿಹಾರ ಘೋಷಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅದು ಅಲ್ಲಿಗೆ ಮುಗಿದಿದ್ದರೆ ಒಂದು ಊರಿನ ದುರದೃಷ್ಟ ಎನ್ನಬಹುದಿತ್ತು. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದ ನಲ್ಲಿ ನೀರು ಕುಡಿದು ಜನ ಸತ್ತರು. 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಆಯಿತು. 2024ರ ಮಳೆಗಾಲ ಮುಗಿಯುವಾಗ ನಮ್ಮ ಹರಪನಹಳ್ಳಿ ತಾಲ್ಲೂಕಿನ ಟಿ. ತುಂಬಿಗೆರೆಯಿಂದ ವಾಂತಿ-ಭೇದಿಯ ಸಾವುಗಳ ಸುದ್ದಿ ಬಂತು. ಈ ಊರುಗಳ ಹೆಸರನ್ನು ಒಂದೊಂದಾಗಿ ಹೇಳುವಾಗ ನನಗೆ ಕಾಡುವುದು ಒಂದೇ. ಅಲ್ಲಿನವರು ನೀರಿಲ್ಲದೆ ಸಾಯಲಿಲ್ಲ, ನೀರು ಬಂದಿದ್ದಕ್ಕೇ ಸತ್ತರು. ಕೊಳವೆ ಇತ್ತು, ಟ್ಯಾಂಕ್ ಇತ್ತು, ನಲ್ಲಿ ಇತ್ತು. ಬಚ್ಚಲಿಂದ ಹೊರಬಿದ್ದ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಸರ್ಕಾರಿ ಕಡತಗಳಲ್ಲಿ ಕುಡಿಯುವ ನೀರು ಒಂದು ಇಲಾಖೆ, ಚರಂಡಿ ಇನ್ನೊಂದು ಲೆಕ್ಕಶೀರ್ಷಿಕೆ, ಬರ ಮತ್ತು ನೆರೆ ತಹಶೀಲ್ದಾರರ ಕಚೇರಿಯ ಬಾಬತ್ತು. ಊರಿನ ನೆಲದಲ್ಲಿ ಹಾಗಿಲ್ಲ. ಅಲ್ಲಿ ಮೂರೂ ಒಂದೇ ಬೀದಿಯಲ್ಲಿ, ಒಂದೇ ಮಣ್ಣಿನಲ್ಲಿ, ಒಂದು ಮೊಳದ ಅಂತರದಲ್ಲಿ ಇವೆ. ಬರ ಅಥವಾ ನೆರೆ ಬಂದಾಗ ಆ ಒಂದು ಮೊಳದ ಅಂತರವೂ ಅಳಿಸಿಹೋಗುತ್ತದೆ. ಆದ್ದರಿಂದ ಚರಂಡಿಯ ಯೋಜನೆ ಬೇರೆ, ವಿಪತ್ತಿನ ಯೋಜನೆ ಬೇರೆ ಎಂದು ಬರೆಯುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದೇ ಜಿಲ್ಲೆ, ಎರಡು ಆಪತ್ತು

ನಮ್ಮ ಸೀಮೆಯ ಕಷ್ಟ ವಿಚಿತ್ರವಾದದ್ದು. ಇಲ್ಲಿ ಮಳೆ ಬಾರದೆ ಬರ ಬರುತ್ತದೆ, ಮಳೆ ಬಾರದೆಯೇ ನೆರೆಯೂ ಬರುತ್ತದೆ. ಆಗುಂಬೆ, ಶೃಂಗೇರಿ ಕಡೆ ಜಡಿಮಳೆ ಹಿಡಿದರೆ ಗಾಜನೂರಿನ ತುಂಗಾ ಜಲಾಶಯ ಬೇಗನೆ ತುಂಬುತ್ತದೆ. ಅದರ ಹೊಟ್ಟೆ ಚಿಕ್ಕದು, ಬಂದ ನೀರನ್ನು ಬಿಡಲೇಬೇಕು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದಲೂ ಬಿಟ್ಟರಂತೂ ಹೊಳೆ ದಡ ಮೀರುತ್ತದೆ. ಇನ್ನೊಂದು ಕಡೆಯಿಂದ ವರದೆ ಗಳಗನಾಥದ ಬಳಿ ಬಂದು ಕೂಡಿಕೊಳ್ಳುತ್ತಾಳೆ. ಹರಪನಹಳ್ಳಿ ತಾಲ್ಲೂಕಿನ ಗರ್ಭಗುಡಿ, ಹಲವಾಗಲು ಕಡೆಯ ದಾರಿ ನೀರಿನಡಿ ಹೋಗುತ್ತದೆ. ಹಡಗಲಿ ಕಡೆ ಕುರುವತ್ತಿ, ಮೈಲಾರ, ಮಕರಬ್ಬಿ ಸೀಮೆಯ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಅದೇ ಹೊತ್ತಿಗೆ ಕೂಡ್ಲಿಗಿಯ ರೈತ ಆಕಾಶ ನೋಡುತ್ತ ಕೂತಿರುತ್ತಾನೆ.

2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. 2024ರ ಜುಲೈ, ಆಗಸ್ಟ್ ಹೊತ್ತಿಗೆ ತುಂಗಭದ್ರೆ ದಡ ಮೀರಿ ಹರಿಯುತ್ತಿದ್ದಳು. 2009ರ ಸೆಪ್ಟೆಂಬರ್ ಕೊನೆಯಲ್ಲೂ ಹಾಗೆಯೇ ಆಗಿತ್ತು. ಮುಂಗಾರು ಕೈಕೊಟ್ಟಿತು ಎಂದು ಕೈಚೆಲ್ಲಿದ್ದ ಉತ್ತರ ಕರ್ನಾಟಕಕ್ಕೆ ನಾಲ್ಕೈದು ದಿನದಲ್ಲಿ ಬಂದ ಮಳೆ ಇನ್ನೂರಕ್ಕೂ ಹೆಚ್ಚು ಜೀವ ತೆಗೆಯಿತು. ಹೊಳೆಯ ಕೆಳಗಡೆ ಮಂತ್ರಾಲಯ ಮುಳುಗಿತು.

ಬರದಲ್ಲಿ ಏನಾಗುತ್ತದೆ? ಊರಿನ ಒಳ್ಳೆಯ ಕೊಳವೆಬಾವಿ ಬತ್ತುತ್ತದೆ. ಪಂಚಾಯಿತಿ ತಾತ್ಕಾಲಿಕವಾಗಿ ಬೇರೆಡೆಯಿಂದ ನೀರು ಎತ್ತುತ್ತದೆ. ಅದು ಮುಚ್ಚಿಹೋಗಿದ್ದ ಹಳೇ ಬೋರು ಇರಬಹುದು, ತೋಟದವರ ಬಾವಿ ಇರಬಹುದು, ಎಲ್ಲಿಂದ ತುಂಬಿದ್ದೋ ತಿಳಿಯದ ಟ್ಯಾಂಕರ್ ಇರಬಹುದು. ನೆರೆಯಲ್ಲಿ ಏನಾಗುತ್ತದೆ? ಹೊಳೆದಂಡೆಯಲ್ಲಿ ನೀರೆತ್ತುವ ಜಾಕ್‌ವೆಲ್ ಮುಳುಗುತ್ತದೆ, ಕರೆಂಟು ಹೋಗುತ್ತದೆ, ಬಹುಗ್ರಾಮ ಯೋಜನೆಯ ಪಂಪು ನಿಲ್ಲುತ್ತದೆ. ಮತ್ತೆ ಅದೇ ಹಳೇ ಬೋರಿಗೆ ಮೊರೆ. ಕಾಮಗಾರಿಗೆ ಅಗೆದು ಕೊಳವೆ ಒಡೆದರೂ ಇದೇ ಕಥೆ. ಅಂದರೆ ಊರಿಗೆ ಅತ್ಯಂತ ಅಪಾಯದ ದಿನ ನೀರಿಲ್ಲದ ದಿನವಲ್ಲ, ನೀರಿನ ಮೂಲ ಬದಲಾದ ದಿನ. ಆ ದಿನ ಡಂಗುರ ಸಾರುವವರಿಲ್ಲ, ಹೊಸ ಮೂಲದ ನೀರನ್ನು ಪರೀಕ್ಷೆ ಮಾಡುವವರಿಲ್ಲ. ನಲ್ಲಿಯಲ್ಲಿ ನೀರು ಬಂತಲ್ಲ ಎಂಬ ಸಮಾಧಾನದಲ್ಲಿ ಕೊಡ ತುಂಬುತ್ತದೆ.

ವಾಲ್ವ್ ಗುಂಡಿಯ ಬಳಿ ಒಂದು ಕ್ಷಣ

ಯಾವ ಊರಿಗೆ ಬೇಕಾದರೂ ಹೋಗಿ, ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ವಾಟರ್‌ಮನ್ ಹಿಂದೆ ನಡೆಯಿರಿ. ಓಣಿಯ ತಿರುವಿನಲ್ಲಿ ಚರಂಡಿಗೆ ತಾಗಿಕೊಂಡೇ ಒಂದು ಗುಂಡಿ ಇರುತ್ತದೆ. ಮುಚ್ಚಳ ಇದ್ದರೆ ಅರ್ಧ ಒಡೆದಿರುತ್ತದೆ. ಒಳಗೆ ಮೊಣಕೈ ಮಟ್ಟ ಕಪ್ಪು ನೀರು, ಮೇಲೆ ಗುಟ್ಕಾ ಚೀಟಿ, ಶಾಂಪೂ ಪೊಟ್ಟಣ. ಆತ ಕೈ ಇಳಿಬಿಟ್ಟು ತಡಕಾಡಿ ವಾಲ್ವ್ ತಿರುಗಿಸುತ್ತಾನೆ. ವಾಲ್ವಿನ ಗ್ಲ್ಯಾಂಡ್ ಸವೆದು ನೀರು ಸೋರುತ್ತಿರುತ್ತದೆ. ಕೊಳವೆಯಲ್ಲಿ ಒತ್ತಡ ಇರುವಷ್ಟು ಹೊತ್ತು ಒಳಗಿನ ನೀರು ಹೊರಕ್ಕೆ ಸೋರುತ್ತದೆ, ಅಪಾಯವಿಲ್ಲ. ಒಂದು ತಾಸಿನ ನಂತರ ಆತ ನೀರು ನಿಲ್ಲಿಸುತ್ತಾನೆ. ಕೊಳವೆ ಖಾಲಿಯಾಗುತ್ತ ಒಳಗೆ ನಿರ್ವಾತ ಉಂಟಾಗುತ್ತದೆ. ಯಾವ ಬಿರುಕಿನಿಂದ ನೀರು ಹೊರಗೆ ಸೋರಿತ್ತೋ ಅದೇ ಬಿರುಕಿನಿಂದ ಗುಂಡಿಯ ಕಪ್ಪು ನೀರು ಒಳಗೆ ಹೀರಿಹೋಗುತ್ತದೆ. ಮರುದಿನ, ಇಲ್ಲವೇ ಮೂರು ದಿನದ ಮೇಲೆ ನೀರು ಬಿಟ್ಟಾಗ ಮೊದಲು ತುಂಬಿದ ಕೊಡಕ್ಕೆ ಅದು ಬರುತ್ತದೆ.

ದಿನದ ಇಪ್ಪತ್ನಾಲ್ಕು ಗಂಟೆಯೂ ಒತ್ತಡದಲ್ಲಿರುವ ಕೊಳವೆಗೆ ಈ ರೋಗವಿಲ್ಲ. ಬಿಟ್ಟುಬಿಟ್ಟು ನೀರು ಕೊಡುವ ನಮ್ಮ ಊರುಗಳಲ್ಲಿ ಇದು ದಿನನಿತ್ಯದ ಕ್ರಿಯೆ. ಸಾಮಾನ್ಯ ದಿನಗಳಲ್ಲಿ ಅದು ಹೊಟ್ಟೆನೋವು, ಮಕ್ಕಳ ಭೇದಿಯಾಗಿ ಕಳೆದುಹೋಗುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ. ಚರಂಡಿಗೆ ಕಾಲರಾದ ಒಬ್ಬ ರೋಗಿಯ ಮಲ ಸೇರಿದ ದಿನ ಮಾತ್ರ ಊರು ಪತ್ರಿಕೆಯಲ್ಲಿ ಬರುತ್ತದೆ. ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋಗಿ ಒಂದೇ ಕೈಪಂಪಿನ ಬಳಿ ಬಂದು ನಿಂತಿದ್ದ. ಆ ಪಂಪಿನ ಬಾವಿಯ ಪಕ್ಕದಲ್ಲೇ ಸೋರುವ ಶೌಚದ ಗುಂಡಿಯಿತ್ತು. ಕಾರಣ ತಿಳಿದು ನೂರೆಪ್ಪತ್ತು ವರ್ಷ ಆಗಿದೆ. ತಿಳಿಯದೆ ಸಾಯುವುದು ಬೇರೆ, ತಿಳಿದ ಮೇಲೂ ಸಾಯುವುದು ಬೇರೆ.

ವಾಲ್ವ್ ಗುಂಡಿಯನ್ನು ಚರಂಡಿಯಿಂದ ದೂರ ಸರಿಸಿ, ಕಟ್ಟೆಯನ್ನು ನೆಲಮಟ್ಟದಿಂದ ಒಂದು ಅಡಿ ಎತ್ತರಿಸಿ, ಗಟ್ಟಿ ಮುಚ್ಚಳ ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕ್ಲೋರಿನ್ ಹಾಕುವುದೂ ಅಷ್ಟೇ. ಐವತ್ತು ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಲೀಟರಿಗೆ ಎರಡು ಮಿಲಿಗ್ರಾಂನಂತೆ ನೂರು ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಸುಮಾರು ಮೂರನೇ ಒಂದು ಪಾಲು ಇರುವುದರಿಂದ ಮುನ್ನೂರು ಗ್ರಾಂ ಪುಡಿ. ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ತೆರೆದಿಟ್ಟ ಚೀಲದಲ್ಲಿ ಆ ಪಾಲು ತಿಂಗಳು ತಿಂಗಳಿಗೂ ಕುಸಿಯುತ್ತದೆ. ಆಗ ಅದೇ ಮುನ್ನೂರು ಗ್ರಾಂ ಹಾಕಿದರೂ ಹಾಕದಂತೆಯೇ. ಆದ್ದರಿಂದ ಎಷ್ಟು ಹಾಕಿದೆವು ಎಂಬುದಕ್ಕಿಂತ ಕೊನೆಯ ಮನೆಯ ನಲ್ಲಿಯಲ್ಲಿ ಎಷ್ಟು ಉಳಿಯಿತು ಎಂಬುದೇ ಮುಖ್ಯ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಇರಬೇಕೆಂಬುದು ನಿಯಮ. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಎರಡು ಹನಿ ದ್ರಾವಣ ಬಿಟ್ಟರೆ ಬಣ್ಣ ಹೇಳುತ್ತದೆ. ಜಲಜೀವನ ಮಿಷನ್ ಪ್ರತಿ ಊರಿನಲ್ಲೂ ಐವರು ಮಹಿಳೆಯರಿಗೆ ಈ ಪರೀಕ್ಷೆ ಕಲಿಸಬೇಕು ಎಂದಿದೆ. ಕೊನೆಯ ಮನೆ ಸಾಮಾನ್ಯವಾಗಿ ಯಾರದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ಹೊರಗಿನ ಕೇರಿಗೆ ಕೊಳವೆ ಕೊನೆಯಲ್ಲಿ ತಲುಪುತ್ತದೆ, ಚರಂಡಿ ಮೊದಲು ತಲುಪುತ್ತದೆ. ಕವಾಡಿಗರಹಟ್ಟಿಯಲ್ಲಿ ಪೆಟ್ಟು ತಿಂದದ್ದೂ ದಲಿತರ ಕೇರಿಯೇ.

ನೀಲಗುಂದದಂಥ ಊರಿನ ಲೆಕ್ಕ

ಹೊಳೆಯಿಂದ ದೂರ ಇರುವ ಊರುಗಳಿಗೆ ನೆರೆಯ ಚಿಂತೆ ಏಕೆ ಎನ್ನುವವರಿದ್ದಾರೆ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದವನ್ನು ನೆನೆದು ಉತ್ತರ ಹೇಳುತ್ತೇನೆ. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯದಿಂದ ಹೆಸರಾದ ಊರು ಅದು. ಬಳ್ಳಾರಿ ಸೀಮೆಯ ಚಾಲುಕ್ಯ ಗುಡಿಗಳನ್ನು ಅಳೆದು ಚಿತ್ರಿಸಿದ ಅಲೆಕ್ಸಾಂಡರ್ ರೀ 1896ರ ತನ್ನ ಪುಸ್ತಕದಲ್ಲಿ ಬಾಗಳಿ, ಕುರುವತ್ತಿ, ಮಾಗಳಗಳ ಜೊತೆ ನೀಲಗುಂದವನ್ನೂ ಸೇರಿಸಿದ್ದ. ಊರು ಹೊಳೆದಂಡೆಯಲ್ಲಿಲ್ಲ. ತುಂಗಭದ್ರೆ ಎಷ್ಟೇ ಉಕ್ಕಿದರೂ ಇಲ್ಲಿಗೆ ಬರುವುದಿಲ್ಲ.

ಲೆಕ್ಕ ಸುಲಭವಾಗಲೆಂದು ಇಂಥ ಒಂದು ಊರಿನಲ್ಲಿ ಐದು ಸಾವಿರ ಜನ ಎಂದಿಟ್ಟುಕೊಳ್ಳೋಣ. ಜಲಜೀವನ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್, ಒಟ್ಟು 2.75 ಲಕ್ಷ ಲೀಟರ್. ಅದರಲ್ಲಿ ಸುಮಾರು ಶೇ 80ರಷ್ಟು ಬಳಕೆಯ ನೀರಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಅಂದರೆ ದಿನಕ್ಕೆ 2.2 ಲಕ್ಷ ಲೀಟರ್. ಹಿಂದೆ ಬಾವಿಯಿಂದ ಸೇದಿ, ತಲೆಯ ಮೇಲೆ ಹೊತ್ತು ತರುತ್ತಿದ್ದಾಗ ಇಷ್ಟು ನೀರು ಮನೆಗೆ ಬರುತ್ತಲೂ ಇರಲಿಲ್ಲ, ಹೊರಗೆ ಹೋಗುತ್ತಲೂ ಇರಲಿಲ್ಲ. ಹಿತ್ತಲಿನ ಬಾಳೆಗಿಡ, ತೆಂಗಿನ ಬುಡ ಕುಡಿದು ಮುಗಿಸುತ್ತಿದ್ದವು. ನಲ್ಲಿ ಬಂದದ್ದು ಹೆಣ್ಣುಮಕ್ಕಳ ಸೊಂಟದ ಭಾರ ಇಳಿಸಿದ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ತಂದ ನೀರನ್ನು ಹೊರಗೆ ಸಾಗಿಸುವ ಅರ್ಧ ಕೆಲಸ ಬಾಕಿ ಉಳಿಯಿತು.

ಈಗ ಇನ್ನೊಂದು ಲೆಕ್ಕ. ಊರಿನ ವಸತಿ ಐವತ್ತು ಎಕರೆ. ಮೇ ತಿಂಗಳ ಸಂಜೆ ಗುಡುಗು ಸಿಡಿಲಿನೊಡನೆ ಒಂದು ತಾಸಿನಲ್ಲಿ 50 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಬಯಲುಸೀಮೆಯಲ್ಲಿ ಇದು ಅಪರೂಪವಲ್ಲ, ವರ್ಷದ ಮಳೆ ಬೀಳುವುದೇ ಹೀಗೆ ಕೆಲವೇ ದಿನಗಳಲ್ಲಿ. ಅರ್ಧ ನೀರು ಇಂಗಿತು ಎಂದರೂ ಉಳಿದ ಅರ್ಧ ಐವತ್ತು ಲಕ್ಷ ಲೀಟರ್. ದಿನವಿಡೀ ಬರುವ ಬಚ್ಚಲ ನೀರಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು, ಅದೂ ಒಂದೇ ತಾಸಿನಲ್ಲಿ, ಅದೇ ಒಂದಡಿ ಅಗಲದ ಚರಂಡಿಗೆ. ಚರಂಡಿಯಲ್ಲಿ ಮೊದಲೇ ಹೂಳು, ಕೋಳಿಪುಕ್ಕ, ಪ್ಲಾಸ್ಟಿಕ್. ನೀರು ಹಾರಿ ಬೀದಿಗೆ ಬರುತ್ತದೆ. ಐದೈದು ವರ್ಷಕ್ಕೊಮ್ಮೆ ಹಳೇ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಇನ್ನೊಂದು ಪದರ ಸಿಸಿ ರಸ್ತೆ ಹಾಕುವುದರಿಂದ ಮನೆಯ ಹೊಸ್ತಿಲು ಬೀದಿಗಿಂತ ತಗ್ಗಿಗೆ ಹೋಗಿದೆ. ನೀರು ಮನೆಯೊಳಗೆ ನುಗ್ಗುತ್ತದೆ. ವಾಲ್ವ್ ಗುಂಡಿ ಮುಳುಗುತ್ತದೆ. ಹೊಳೆ ಇಲ್ಲದ ಊರಿನ ನೆರೆ ಎಂದರೆ ಇದು. ರಸ್ತೆಯ ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ ಹಳೇ ಪದರ ಕಿತ್ತು ಹಾಕುವ ಬಾಬತ್ತು ಇದೆಯೇ ಎಂದು ಒಬ್ಬ ಸದಸ್ಯ ಕೇಳಿದರೂ ಎಷ್ಟೋ ಮನೆ ಉಳಿಯುತ್ತವೆ.

ಪರಿಹಾರ ಏನು ಎಂದರೆ ಬೇಗ ಬರುವ ಉತ್ತರ ನೀರು ಇಂಗಿಸುವ ಬಚ್ಚಲುಗುಂಡಿ. ಉದ್ಯೋಗ ಖಾತ್ರಿಯಲ್ಲಿ ರಾಜ್ಯದ ಹಳ್ಳಿಗಳಲ್ಲಿ ಬಚ್ಚಲುಗುಂಡಿ ಅಭಿಯಾನವೇ ನಡೆಯಿತು. ಒಳ್ಳೆಯ ಯೋಜನೆ, ಮಸಾರಿಯ ಕೆಂಪು ನೆಲದಲ್ಲಿ. ನಮ್ಮಲ್ಲಿ ಎಷ್ಟೋ ನೆಲ ಎರೆ, ಅಂದರೆ ಕಪ್ಪು ಮಣ್ಣು. ಒಂದು ಹದ ಮಳೆಗೆ ಎರೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಇಂಗುವುದಿಲ್ಲ. ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಟ್ಟು ಕೊಳವೆಯ ಕೀಲುಗಳನ್ನೇ ಎಳೆದು ಬಿಡಿಸುತ್ತದೆ. ಆ ನೆಲದಲ್ಲಿ ತೋಡಿದ ಬಚ್ಚಲುಗುಂಡಿ ಮಳೆಗಾಲದಲ್ಲಿ ಸೊಳ್ಳೆಯ ತೊಟ್ಟಿಯಾಗುತ್ತದೆ. ಹೊಲದಲ್ಲಿ ಎರೆಗೆ ಜೋಳ, ಮಸಾರಿಗೆ ಶೇಂಗಾ ಎಂದು ಬೇರ್ಪಡಿಸಿ ಬಿತ್ತುವ ರೈತನಿಗೆ ಇದು ಗೊತ್ತಿದೆ. ಅಂದಾಜುಪಟ್ಟಿ ಬರೆಯುವವರು ಅವನನ್ನು ಕೇಳಿಲ್ಲ.

ಎರೆ ಊರಿಗೆ ಬೇರೆ ದಾರಿ ಬೇಕು. ಮುಚ್ಚಿದ ಚರಂಡಿಯಲ್ಲಿ ಬಳಕೆಯ ನೀರನ್ನು ಊರ ಕೆಳಬದಿಗೆ ತಂದು, ಕೆರೆಗೆ ಸೇರುವ ಮುನ್ನ ಸಾಲು ಹೊಂಡಗಳಲ್ಲಿ ನಿಲ್ಲಿಸಬೇಕು. ಮೊದಲ ಹೊಂಡದಲ್ಲಿ ಹೂಳು ಕೂರುತ್ತದೆ, ಮುಂದಿನದರಲ್ಲಿ ಬಿಸಿಲು ಮತ್ತು ಪಾಚಿ ಕೆಲಸ ಮಾಡುತ್ತವೆ, ಕೊನೆಯದರಲ್ಲಿ ಜಲ್ಲಿಯ ಮೇಲೆ ಬೆಳೆದ ಜೊಂಡು, ಕಾಬಾಳೆಯ ಬೇರುಗಳು ಉಳಿದದ್ದನ್ನು ಹೀರುತ್ತವೆ. 2.2 ಲಕ್ಷ ಲೀಟರಿನಂತೆ ಹತ್ತು ದಿನದ ನೀರು ನಿಲ್ಲಲು ಒಂದೂವರೆ ಮೀಟರ್ ಆಳಕ್ಕೆ ಅರ್ಧ ಎಕರೆಗೂ ಕಡಿಮೆ ಜಾಗ ಸಾಕು. ಬಿಸಿಲು ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ, ವಿದ್ಯುತ್ ಬೇಡ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮಳೆಯ ಐವತ್ತು ಲಕ್ಷ ಲೀಟರ್ ಈ ಹೊಂಡಕ್ಕೆ ನುಗ್ಗಿದರೆ ಹೂಳಿನ ಸಮೇತ ಎಲ್ಲವೂ ಕೆರೆಗೆ ಕೊಚ್ಚಿಹೋಗುತ್ತದೆ. ಮಳೆನೀರಿಗೆ ಪಕ್ಕದಲ್ಲಿ ಬೇರೆ ಕಾಲುವೆ, ಹೊಂಡದ ಬಾಯಿಗೆ ಒಂದು ತಡೆಗೋಡೆ ಇರಲೇಬೇಕು. ನೆರೆಯನ್ನು ಯೋಚಿಸದೆ ಕಟ್ಟಿದ ಶುದ್ಧೀಕರಣ ಒಂದೇ ಮಳೆಗಾಲಕ್ಕೆ ಮುಗಿಯುತ್ತದೆ. ಬರಗಾಲದಲ್ಲಿ ಅದೇ ಹೊಂಡದ ನೀರು ಮೇವಿನ ಹುಲ್ಲಿಗೆ, ರಸ್ತೆಬದಿಯ ಗಿಡಗಳಿಗೆ ಸಿಗುತ್ತದೆ. ಕೂಡ್ಲಿಗಿ ತಾಲ್ಲೂಕಿನ ಕೆರೆಗಳಿಗೆ ದೂರದ ತುಂಗಭದ್ರೆಯಿಂದ ನೀರೆತ್ತಿ ತುಂಬಿಸುವ ಕಾಲದಲ್ಲಿ, ಊರೊಳಗೇ ದಿನಾ ಹುಟ್ಟುವ ನೀರನ್ನು ಹೊಲಸು ಮಾಡಿ ಆ ಕೆರೆಗೇ ಬಿಡುವುದನ್ನು ನೋಡಲು ಸಂಕಟವಾಗುತ್ತದೆ.

ಶೌಚದ ಗುಂಡಿಯ ಮಾತು ಬೇರೆ. ಎರಡು ಗುಂಡಿಯ ಶೌಚಾಲಯದಲ್ಲಿ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಹಾಗೇ ಬಿಟ್ಟರೆ ಗೊಬ್ಬರವಾಗುತ್ತದೆ. ಆದರೆ ಮನೆಮನೆಗೂ ಒಂದೇ ಒಂದು ಆಳವಾದ ಗುಂಡಿ, ಇಲ್ಲವೇ ತಳವಿಲ್ಲದ ಸೆಪ್ಟಿಕ್ ಟ್ಯಾಂಕ್ ಕಟ್ಟುವುದು ರೂಢಿಯಾಗಿದೆ. ಅದು ತುಂಬಿದಾಗ ಟ್ಯಾಂಕರ್ ಬಂದು ಹೀರಿ, ಕತ್ತಲಲ್ಲಿ ಯಾವುದೋ ಹಳ್ಳಕ್ಕೆ ಸುರಿದು ಹೋಗುತ್ತದೆ. ಹಳ್ಳದ ಮುಂದೆ ಕೆರೆ, ಕೆರೆಯ ಕೆಳಗೆ ಬೋರು. ದೇವನಹಳ್ಳಿಯಲ್ಲಿ 2015ರಿಂದ ದಿನಕ್ಕೆ ಆರು ಸಾವಿರ ಲೀಟರ್ ಇಂಥ ಮಲಹೂಳನ್ನು ಒಣಗಿಸಿ ಶುದ್ಧಗೊಳಿಸುವ ಘಟಕ ನಡೆಯುತ್ತಿದೆ. ಪುಟ್ಟ ಪಟ್ಟಣಕ್ಕೂ ಇದು ಸಾಧ್ಯ ಎಂದು ತೋರಿಸಿದ್ದು ಅದೇ. ಹರಪನಹಳ್ಳಿ, ಕೊಟ್ಟೂರಿನಂಥ ಪಟ್ಟಣದ ಘಟಕಕ್ಕೆ ಸುತ್ತಲ ಪಂಚಾಯಿತಿಗಳು ಜೊತೆಗೂಡಿದರೆ ಹಳ್ಳಕ್ಕೆ ಸುರಿಯುವ ನೆಪವಿರುವುದಿಲ್ಲ. ಸುರಕ್ಷಾ ಸಾಧನವಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಳಿಯಬೇಕಾದ ಸ್ಥಿತಿಯೇ ಬಾರದಂತೆ ಗುಂಡಿ ಕಟ್ಟುವುದು ನಮ್ಮ ಹೊಣೆ.

ಬಿಡಿಭಾಗ ಮತ್ತು ಬಿತ್ತುವಟ್ಟ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯ ಬರಿದಾಗತೊಡಗಿತು. ಬದಲಿಗೆ ಇಳಿಸಬೇಕಾದ ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ, ಆಗಿಂದಾಗ ತಯಾರಿಸಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು ಹರಿಯುವ ನೀರಿನ ನಡುವೆಯೇ ವಾರದೊಳಗೆ ಅದನ್ನು ಕೂರಿಸಿದ ಸಾಹಸಕ್ಕೆ ಈ ನಾಡು ಋಣಿ. ಆದರೆ ಆ ವಾರ ಹರಿದುಹೋದ ನೀರು ಸಾಹಸದಿಂದ ವಾಪಸು ಬರಲಿಲ್ಲ. ದೊಡ್ಡ ಅಣೆಕಟ್ಟೆಗೆ ಅನ್ವಯಿಸುವುದು ಊರ ಪಂಪ್‌ಹೌಸಿಗೂ ಅನ್ವಯಿಸುತ್ತದೆ. ಒಂದು ಬದಲಿ ಮೋಟಾರು, ಎರಡು ವಾಲ್ವ್, ನಾಲ್ಕು ಕೊಳವೆ ಕೀಲು, ಮೊಹರು ಒಡೆಯದ ಬ್ಲೀಚಿಂಗ್ ಪುಡಿಯ ಚೀಲ ಮಳೆಗಾಲಕ್ಕೆ ಮುನ್ನ ಪಂಚಾಯಿತಿಯ ಕೋಣೆಯಲ್ಲಿ ಇರಬೇಕು.

ಹಿಂದಿನವರು ಕೆರೆ ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಅದರ ದುರಸ್ತಿಗೆ, ಹೂಳೆತ್ತುವುದಕ್ಕೆ ಕೆರೆಯ ಕೆಳಗಿನ ಗದ್ದೆಯಲ್ಲೇ ಬಿತ್ತುವಟ್ಟ ಎಂದು ಪಾಲು ಬಿಟ್ಟು ಶಾಸನ ಹಾಕಿಸುತ್ತಿದ್ದರು. ಕಟ್ಟುವ ದಿನವೇ ಕಾಯುವ ಖರ್ಚಿನ ದಾರಿಯನ್ನೂ ಬರೆದಿಡುತ್ತಿದ್ದರು. ಇಂದು ಕಟ್ಟಲು ದುಡ್ಡಿದೆ. ಸ್ವಚ್ಛ ಭಾರತ ಮಿಷನ್ನಿನ ಎರಡನೇ ಹಂತದಲ್ಲಿ ಐದು ಸಾವಿರದವರೆಗಿನ ಜನಸಂಖ್ಯೆಯ ಊರಿಗೆ ಬೂದು ನೀರಿನ, ಅಂದರೆ ಬಳಕೆಯ ನೀರಿನ ನಿರ್ವಹಣೆಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ ತಲೆಗೆ 660 ರೂಪಾಯಿ ನಿಗದಿಯಾಯಿತು. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿ ಅನುದಾನದ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಕಟ್ಟಿದ್ದನ್ನು ಕಾಯುವ ವಾಟರ್‌ಮನ್ನಿಗೆ, ಚರಂಡಿ ಬಳಿಯುವವರಿಗೆ ಮಾತ್ರ ತಿಂಗಳ ಸಂಬಳ ತಿಂಗಳಿಗೆ ಕೈಸೇರುವುದಿಲ್ಲ. ಈ ಒಂದು ಅನ್ಯಾಯ ಸರಿಹೋಗದೆ ಯಾವ ತಂತ್ರಜ್ಞಾನವೂ ಊರನ್ನು ಕಾಪಾಡದು.

ಮಾಹಿತಿಯ ಕೊರತೆಯಂತೂ ಇಲ್ಲ. ಕರ್ನಾಟಕ 1988ರಲ್ಲೇ ಬರ ಉಸ್ತುವಾರಿ ಕೋಶ ಕಟ್ಟಿದ ರಾಜ್ಯ. ಈಗದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಅದರ ಮಳೆಮಾಪಕಗಳಿವೆ. ರೈತರು ಅದರ ವರುಣಮಿತ್ರ ಸಹಾಯವಾಣಿಗೆ ಫೋನು ಮಾಡಿ ಬಿತ್ತನೆಯ ದಿನ ಕೇಳುತ್ತಾರೆ. ಅದೇ ಮಳೆಯ ಮುನ್ಸೂಚನೆ ಪಂಚಾಯಿತಿಯ ವಾಟರ್‌ಮನ್ನಿಗೂ ಹೋಗಬೇಕು. ಭಾರಿ ಮಳೆಯ ಮುನ್ನಾದಿನ ಟ್ಯಾಂಕ್ ತುಂಬಿಸಿಡುವುದು, ಚರಂಡಿಯ ಬಾಯಿ ಬಿಡಿಸುವುದು, ಮರುದಿನ ಕ್ಲೋರಿನ್ ಹೆಚ್ಚಿಸುವುದು ಆತನ ಕೈಯಲ್ಲಿರುವ ಕೆಲಸಗಳು. ಗಾಜನೂರಿನಿಂದ ನೀರು ಬಿಟ್ಟ ಸುದ್ದಿ ಹೊಳೆಸಾಲಿನ ಊರುಗಳಿಗೆ ದನಕರು ಸಾಗಿಸಲು ಎಷ್ಟು ಮುಖ್ಯವೋ ಜಾಕ್‌ವೆಲ್ ಮುಳುಗುವ ಮುನ್ನ ನೀರು ತುಂಬಿಸಿಕೊಳ್ಳಲೂ ಅಷ್ಟೇ ಮುಖ್ಯ.

ಪ್ರತಿ ವರ್ಷ ಅಕ್ಟೋಬರ್ 2ರಿಂದ ಪಂಚಾಯಿತಿಗಳು ಮುಂದಿನ ವರ್ಷದ ಅಭಿವೃದ್ಧಿ ಯೋಜನೆಗೆ ಗ್ರಾಮಸಭೆ ಕರೆಯುತ್ತವೆ. ಈ ಬಾರಿ ಸಭೆಯಲ್ಲಿ ಒಂದು ನಕ್ಷೆ ಕೇಳಿ. ಊರಿನ ಪ್ರತಿ ವಾಲ್ವ್ ಗುಂಡಿ, ಚರಂಡಿ ಹರಿಯುವ ದಿಕ್ಕು, ಎರೆ ಎಲ್ಲಿ ಮಸಾರಿ ಎಲ್ಲಿ, ಕಳೆದ ದೊಡ್ಡ ಮಳೆಗೆ ನೀರು ನುಗ್ಗಿದ ಮನೆಗಳು, ಮೂಲ ಕೈಕೊಟ್ಟರೆ ಯಾವ ಬೋರಿನಿಂದ ನೀರು ಎತ್ತುತ್ತಾರೆ, ಅದರ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿಸಿದ ತಾರೀಕು, ಎಲ್ಲವೂ ಒಂದೇ ಹಾಳೆಯಲ್ಲಿ ಇರಲಿ. ಊರಿನ ಹಿರಿಯರು, ವಾಟರ್‌ಮನ್, ಆಶಾ ಕಾರ್ಯಕರ್ತೆ ಕೂತರೆ ಅದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಪಂಚಾಯಿತಿಯ ಗೋಡೆಗೂ ಊರ ಹೊರಗಿನ ಕೇರಿಯ ಅಂಗನವಾಡಿಯ ಗೋಡೆಗೂ ಅಂಟಿಸಿ. ಮೊದಲ ಅನುದಾನ ಬಂದಾಗ ಕೊನೆಯ ನಲ್ಲಿಯ ಕಡೆಯಿಂದ ಕೆಲಸ ಶುರುವಾಗಲಿ.